ಎರಡೂವರೆ ಕಿಲೋಹರ್ಟ್ಜ್‌ನ ಆಚೆಗೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ಗಯಾಸ್ "ಗುಡ್ ಮಾರ್ನಿಂಗ್" ಅಂದಾಗ ರೆಹಾನಾಳ ಹೆಡ್‌ಫೋನಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳಿಸುತ್ತಿದ್ದುದು ಅವನ ಉಸಿರು.

ರೇಡಿಯೋದಲ್ಲಿ ಉಸಿರು ಕೇಳಿಸಬಾರದು. ಹ್ಯಾಮ್ ರೇಡಿಯೋ ಹವ್ಯಾಸಿಗಳು ತಮ್ಮ ಮಾತಿಗೆ ಎರಡೂವರೆ ಕಿಲೋಹರ್ಟ್ಜ್ ಅಗಲದ ಜಾಗ ಇಟ್ಟುಕೊಳ್ಳುತ್ತಾರೆ, ಬಸ್ಸಿನಲ್ಲಿ ಒಬ್ಬರಿಗೆ ಒಂದು ಸೀಟು ಇದ್ದ ಹಾಗೆ. ಅಷ್ಟರಲ್ಲಿ ಹೆಸರು ತಿಳಿಯುತ್ತದೆ, ಊರು ತಿಳಿಯುತ್ತದೆ, ಹವಾಮಾನ ತಿಳಿಯುತ್ತದೆ. ನಗುವ ಮುಂಚೆ ತುಟಿ ಬಿಚ್ಚುವ ಸದ್ದು, ಸಕಾರದ ತುದಿಯ ಚೂಪು, ಮಾತಿನ ನಡುವೆ ಎಳೆದುಕೊಂಡ ಗಾಳಿ, ಇವೆಲ್ಲ ಆಚೆಗಿನವು. ಮದುವೆಗಳಿಗೆ ಮೈಕ್ ಸೆಟ್ ಹಾಕುವ ಗಯಾಸ್ ಮಾತ್ರ ಎರಡು ಸೀಟು ಹಿಡಿದು ಕೂರುತ್ತಿದ್ದ. ಅವನ ಸ್ವರದ ಅಗಲ ಐದು ಕಿಲೋಹರ್ಟ್ಜ್.

"ನೆಟ್ ಕಂಟ್ರೋಲ್ ಮೇಡಂ, ವಿದ್ಯಾರಣ್ಯಪುರದಿಂದ ಗಯಾಸ್. ಇವತ್ತು ನನ್ನ ಆಡಿಯೋ ಹೇಗಿದೆ?"

"ಫೈವ್ ನೈನ್. ಚೆನ್ನಾಗಿದೆ."

ಸ್ಪಷ್ಟತೆಗೆ ಐದಕ್ಕೆ ಐದು, ಬಲಕ್ಕೆ ಒಂಬತ್ತಕ್ಕೆ ಒಂಬತ್ತು. ಹವ್ಯಾಸಿಗಳು ಈ ಅಂಕಗಳನ್ನು "ಊಟ ಆಯ್ತಾ" ಅಂದವರಿಗೆ "ಆಯ್ತು" ಅಂದಷ್ಟು ಸಲೀಸಾಗಿ ಕೊಡುತ್ತಾರೆ. ರೆಹಾನಾ ಹಾಗೆ ಕೊಡುವವಳಲ್ಲ. ಹೆಬ್ಬಾಳದ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವಳು ಅರ್ಧ ಅಂಕಕ್ಕೂ ಲೆಕ್ಕ ಕೇಳುವವಳು. ಆರ್.ಟಿ. ನಗರದ ಮೂರನೇ ಮಹಡಿಯ ಮನೆಯಿಂದ ಪ್ರತಿ ಭಾನುವಾರ ಮೂವತ್ತು ಹವ್ಯಾಸಿಗಳ ಹಾಜರಿ ಕೂಗುವುದು ಅವಳ ಕೆಲಸ. ಆ ಹಾಜರಿಗೇ ನೆಟ್ ಅನ್ನುತ್ತಾರೆ, ಅದನ್ನು ಕೂಗುವವರಿಗೆ ನೆಟ್ ಕಂಟ್ರೋಲ್. ಒಂದೊಂದೇ ಹೆಸರು ಕರೆಯುತ್ತಾಳೆ, ಅವರು ಬರುತ್ತಾರೆ, ಹೋಗುತ್ತಾರೆ.

ಗಯಾಸನ ಹೆಸರು ಕರೆಯುವಾಗ ಮಾತ್ರ ಅವಳ ಎಡಗೈ, ಕಿವಿಗೆ ಎಷ್ಟು ಅಗಲದ ಸದ್ದು ಬರಬೇಕೆಂದು ನಿರ್ಧರಿಸುವ ಸೆಟ್ಟಿನ ಫಿಲ್ಟರ್ ನಾಬ್ ಮೇಲಿರುತ್ತಿತ್ತು. ಎರಡೂವರೆಯಿಂದ ಐದಕ್ಕೆ. ಫಿಲ್ಟರ್ ಅಷ್ಟು ತೆರೆದರೆ ಎದುರು ಮನೆಯ ಎಲ್‌ಇಡಿ ಬಲ್ಬುಗಳ ಕರಕರವೆಲ್ಲ ಕಿವಿಗೆ ನುಗ್ಗುತ್ತದೆ. ನುಗ್ಗಲಿ. ಅವನು ಮುಗಿಸಿದ ಕೂಡಲೇ ನಾಬ್ ಮತ್ತೆ ಎರಡೂವರೆಗೆ. ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇಲ್ಲವೆಂದು ಅವಳು ನಂಬಿದ್ದಳು.

ನೆಟ್ ಮುಗಿದು ಐದು ನಿಮಿಷಕ್ಕೆ ಫೋನ್ ಬರುತ್ತಿತ್ತು. ಬಾಗಲಗುಂಟೆಯ ಮುನಿಕೃಷ್ಣಪ್ಪ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದ ಎಪ್ಪತ್ತನಾಲ್ಕರ ಅಜ್ಜ.

"ಅಮ್ಮಯ್ಯಾ, ಆ ಮೈಕ್ ಸೆಟ್ಟಿನವನಿಗೆ ಒಸಿ ಏಳು. ಇಂಗಾದ್ರೆ ನಾವು ಎಲ್ಲಿಗೋಗ್ಬೇಕು?"

"ಮತ್ತೆ ಬಂದ್ರಾ ನಿಮ್ಮ ಮೇಲೆ?"

"ಬಂದ್ನಾ ಅಂತೀಯಾ! ನಾವಿರೋದು ನಿಮಗಿಂತ ಮೂರು ಕಿಲೋಹರ್ಟ್ಜ್ ಕೆಳಗೆ. ನಾನು ಈ ಕಡೆ, ಕೋಲಾರದಲ್ಲಿ ಮುಜಫ್ಫರ್ ಆ ಕಡೆ. ಅವನದು ಐದು ವಾಟ್ ಸೆಟ್ಟು, ಅವನೇ ಕೈಯಾರೆ ಕಟ್ಟಿರೋದು. ನಿಮ್ ಉಡುಗ ಬಾಯ್ ಬಿಟ್ಟ ಅಂದ್ರೆ ಮುಜಫ್ಫರ್ ಮಾಯ."

"ನಮ್ಮ ಹುಡುಗ ಅಲ್ಲ ತಾತಾ."

"ಯಾರ್ ಉಡುಗ ಆದ್ರೆ ನಂಗೇನು."

"ಅಷ್ಟು ಹೊತ್ತು ಫೋನಲ್ಲಿ ಮಾತಾಡಬಾರದಾ?"

"ಫೋನಲ್ಲಿ ಆಸ್ಪತ್ರೆ ಮಾತು ಆಡ್ತೀವಿ. ಇದು ಬ್ಯಾರೆ." ಅಜ್ಜ ಅಷ್ಟಕ್ಕೆ ಬಿಡಲಿಲ್ಲ. "ನೀನು ಅವನಿಗೆ ಫೈವ್ ನೈನ್ ಅಂದಿದ್ದೂ ಕೇಳಿಸ್ತು. ಮೇಡಮ್ಮೋರು ಅಲ್ವಾ ನೀನು? ಪಕ್ಕದವನ ಪೇಪರ್ ಮ್ಯಾಲೆ ಬರಿಯೋನಿಗೆ ಫಸ್ಟ್ ಕ್ಲಾಸ್ ಕೊಡ್ತಾರಾ?"

"ಮುಂದಿನ ವಾರ ಹೇಳ್ತೀನಿ."

ಮೂರು ವಾರ ಹಾಗೆಯೇ ಹೇಳಿದಳು. ಹೇಳಿದ್ದು ಅಜ್ಜನಿಗೆ, ಗಯಾಸನಿಗಲ್ಲ. ಅಗಲ ಕಡಿಮೆ ಮಾಡಿ ಅಂದರೆ ಅವನು ಮಾಡಿಬಿಡುತ್ತಾನೆ. ಆಮೇಲೆ ಉಳಿಯುವುದು ಉಳಿದ ಇಪ್ಪತ್ತೊಂಬತ್ತು ಜನರಂಥದೇ ಇನ್ನೊಂದು ತಗಡಿನ ಸ್ವರ. ವಾರವಿಡೀ ವೇಗ, ವೇಗೋತ್ಕರ್ಷ, ಹೆಬ್ಬಾಳದ ಫ್ಲೈಓವರ್, ಇಂಟರ್ನಲ್ ಮಾರ್ಕ್ಸ್. ಭಾನುವಾರದ ಆ ಎರಡು ನಿಮಿಷವನ್ನೂ ಕೊಟ್ಟುಬಿಡಬೇಕೆ? ಈ ಲೆಕ್ಕದಿಂದ ಅವಳಿಗೇ ಹೇಸಿಗೆಯಾಗುತ್ತಿತ್ತು. ಆದರೂ ನಾಬ್ ತಿರುಗುತ್ತಿತ್ತು.

ಸೆಪ್ಟೆಂಬರಿನ ಕೊನೆಯ ಭಾನುವಾರ, ನೆಟ್ ನಡೆಯುತ್ತಿರುವಾಗಲೇ ಅವಳಿಗೇನನ್ನಿಸಿತೋ, ಗಯಾಸ್ ಮಾತು ಶುರು ಮಾಡಿದ ಮೇಲೆ ಸೆಟ್ಟನ್ನು ಮೂರು ಕಿಲೋಹರ್ಟ್ಜ್ ಕೆಳಕ್ಕೆ ಇಳಿಸಿದಳು. ಅಲ್ಲಿ ಮುಜಫ್ಫರ್ ಇದ್ದರು. ನೂಲಿನಷ್ಟು ತೆಳ್ಳನೆಯ ಸ್ವರ. "ಮುನಿಯಾ, ಇದ್ದೀಯೇನಪ್ಪಾ? ಮುನಿಯಾ, ಹೇಳು." ಅದರ ಮೇಲೆ ಗಯಾಸನ ಸ, ಶ, ಚಗಳ ಚೂರುಗಳು ಒಡೆದ ಗಾಜಿನ ಹಾಗೆ ಸುರಿಯುತ್ತಿದ್ದವು. ಅವಳು ಇಷ್ಟು ತಿಂಗಳು ಕಣ್ಣು ಮುಚ್ಚಿ ಕೇಳುತ್ತಿದ್ದ ಅದೇ ಚೂರುಗಳು. "ಮುನಿಯಾ, ಕೇಳಿಸ್ತಾ ಇಲ್ಲ ಕಣೋ." ಮೂರು ಸಲ ಕರೆದು ಆ ಸ್ವರ ನಿಂತುಹೋಯಿತು.

ರೆಹಾನಾ ಮತ್ತೆ ಮೇಲಕ್ಕೆ ಬಂದಳು. ಕೆನ್ನೆ ಬಿಸಿಯಾಗಿತ್ತು. ತನ್ನ ಮೇಲಿನ ಸಿಟ್ಟಿಗೆ ಹತ್ತಿರದಲ್ಲಿ ಸಿಕ್ಕವನು ಅವನು.

"ಗಯಾಸ್ ಅವರೇ, ನಿಮ್ಮ ಆಡಿಯೋ ಐದು ಕಿಲೋಹರ್ಟ್ಜ್ ಅಗಲ ಇದೆ. ಪಕ್ಕದವರ ಮಾತು ಮುಚ್ಚಿಹೋಗ್ತಿದೆ. ಇದು ಮದುವೆ ಛತ್ರ ಅಲ್ಲ."

ಮೂವತ್ತು ಜನ ಕೇಳಿಸಿಕೊಳ್ಳುತ್ತಿದ್ದರು.

"ಮೇಡಂ, ಹೋದ ವಾರ ಫೈವ್ ನೈನ್ ಅಂದ್ರಿ."

"ಹೋದ ವಾರದ್ದು ಹೋದ ವಾರಕ್ಕೆ ಮುಗೀತು. ಬೇಕಾದ್ರೆ ರೆಕಾರ್ಡಿಂಗ್ ಕಳಿಸ್ತೀನಿ, ನೀವೇ ಕೇಳ್ಕೊಳ್ಳಿ."

"ಕಳಿಸಿ," ಅಂದ. ಆ ಪದದ ಹಿಂದೆ ಉಸಿರು ಇರಲಿಲ್ಲ.

ಹವ್ಯಾಸಿಗಳಲ್ಲಿ ಇದೊಂದು ರೂಢಿ. ನಿಮ್ಮ ಸ್ವರ ನಮ್ಮ ಮನೆಗೆ ಹೇಗೆ ಬಂತೆಂದು ರೆಕಾರ್ಡ್ ಮಾಡಿ ನಿಮಗೇ ಕಳಿಸುವುದು. ಅವಳು ಪ್ರತಿ ವಾರದ ನೆಟ್ಟನ್ನೂ ರೆಕಾರ್ಡ್ ಮಾಡುತ್ತಿದ್ದಳು. ಅವನ ಎರಡು ನಿಮಿಷವನ್ನಷ್ಟೇ ಕತ್ತರಿಸಿ ಕಳಿಸಬೇಕಿತ್ತು. ಕತ್ತರಿಸಲು ಕೂತರೆ ಮತ್ತೆ ಕೇಳಬೇಕಾಗುತ್ತದೆ. ನಲವತ್ತು ನಿಮಿಷದ ಇಡೀ ಫೈಲನ್ನು ಹಾಗೆಯೇ ವಾಟ್ಸಾಪಿಗೆ ಎಸೆದು, ಕೆಳಗೆ "ನೀವೇ ನೋಡಿ" ಎಂದು ಬರೆದಳು. ನೀಲಿ ಗೆರೆಗಳು ಮೂಡಿದವು. ಉತ್ತರ ಬರಲಿಲ್ಲ.

ಮುಂದಿನ ಭಾನುವಾರ ಅವನ ಹೆಸರು ಕರೆದಳು. ಇಲ್ಲ. ಅದರ ಮುಂದಿನ ಭಾನುವಾರ ಎರಡು ಸಲ ಕರೆದಳು. ಇಲ್ಲ. ಮೂರನೆಯ ವಾರ ಒಂದೇ ಸಲ, ಬೇಗ, ಯಾರೂ ಗಮನಿಸದ ಹಾಗೆ. ನಾಲ್ಕನೆಯ ವಾರ ಕರೆಯಬಾರದು ಎಂದುಕೊಂಡು ಕರೆದಳು.

ಮುನಿಕೃಷ್ಣಪ್ಪನವರ ಫೋನ್ ಮಾತ್ರ ತಪ್ಪಲಿಲ್ಲ. "ಮುಜಫ್ಫರ್ ಇವತ್ತು ಒಂದ್ ಗಂಟೆ ಮಾತಾಡ್ದ ಕಣಮ್ಮಾ! ಅವನ ಮನೆ ಕೋಳಿ ಕೂಗಿದ್ದೂ ಕೇಳಿಸ್ತು. ನೀನು ಒಳ್ಳೆ ಕೆಲಸ ಮಾಡ್ದೆ."

ಒಳ್ಳೆ ಕೆಲಸ. ಅವಳು ಫೋನನ್ನು ಸೋಫಾದ ಮೇಲೆ ಕುಕ್ಕಿದಳು. ಅಜ್ಜನ ಸಂತೋಷಕ್ಕೆ ಸಂತೋಷಪಡಲಾಗದ ಒಂದು ಸಣ್ಣತನ ತನ್ನೊಳಗಿರುವುದು ಅವಳಿಗೆ ಆವತ್ತೇ ಗೊತ್ತಾದದ್ದು. ಗಯಾಸನಿಗೆ "ಹೇಗಿದ್ದೀರಿ" ಎಂದು ಟೈಪ್ ಮಾಡಿ ಅಳಿಸಿದಳು. "ಸೆಟ್ ಕೆಟ್ಟಿದೆಯಾ" ಎಂದು ಟೈಪ್ ಮಾಡಿ ಅಳಿಸಿದಳು. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಅಲೆಯೊಂದನ್ನು ಬರೆಯುತ್ತ ಅದರ ಅಗಲ ಎಲ್ಲಿ ಮುಗಿಯಬೇಕೆಂದು ಮರೆತು, ಸೀಮೆಸುಣ್ಣ ಬೋರ್ಡಿನ ಅಂಚಿಗೆ ತಗುಲಿದ ಮೇಲೆ ನಿಂತಳು.

ಅವಳ ತಂದೆ ಖಾದರ್ ಬಾಷಾ ನಡುಮನೆಯಲ್ಲಿ ಚಹಾ ಕುಡಿಯುತ್ತ ಎಲ್ಲವನ್ನೂ ಕೇಳಿಸಿಕೊಳ್ಳುವ ಮನುಷ್ಯ. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ಕಿವಿ.

"ಶಾದಿ ಮೈಕ್‌ವಾಲಾ ಇವತ್ತೂ ಬರಲಿಲ್ವಾ?"

"ಅಬ್ಬಾ, ನಕ್ಕೋ. ಆ ಮಾತು ಬೇಡ."

"ನಾನೇನು ಅಂದೆ? ಕಸ ಗುಡಿಸು ಅಂದ್ರೆ ಮನೆಯೋರನ್ನೂ ಗುಡಿಸಿ ಹೊರಗೆ ಹಾಕಿದೀಯ. ಅಷ್ಟೇ ಅಂದಿದ್ದು."

"ಅವರು ಮನೆಯೋರಲ್ಲ."

"ಹೌದಾ," ಅಂದರು ಖಾದರ್ ಬಾಷಾ, ಚಹಾ ಊದುತ್ತ. "ನಿನ್ನ ಎಡಗೈಗೆ ಹೇಳು ಆ ಮಾತು."

ಅವಳು ಎದ್ದು ಒಳಗೆ ಹೋದಳು.

ಶನಿವಾರ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಒಂದು ಫೋಟೋ ಇತ್ತು. ಬಿಳಿ ಬಟ್ಟೆ ತೊಡಿಸಿದ ಖಾಲಿ ಕುರ್ಚಿಗಳು, ಎರಡು ಆಳೆತ್ತರದ ಸ್ಪೀಕರ್‌ಗಳು, ಕೆಳಗೆ ಯಲಹಂಕದ ಒಂದು ಛತ್ರದ ಹೆಸರು. ರೆಹಾನಾ ಹೆಬ್ಬಾಳದಲ್ಲಿ ಬಸ್ ಬದಲಾಯಿಸಿದಳು. ಯಾಕೆ ಹೋಗುತ್ತಿದ್ದೇನೆಂದು ಕೇಳಿಕೊಂಡಾಗ, ಹಾಜರಿ ಪುಸ್ತಕದಿಂದ ಹೆಸರು ತೆಗೆಯುವ ಮುಂಚೆ ಕಾರಣ ಕೇಳುವುದು ಕಂಟ್ರೋಲಿನ ಧರ್ಮ ಎಂದು ಉತ್ತರ ಹೇಳಿಕೊಂಡಳು. ಕೊಡಿಗೇಹಳ್ಳಿ ದಾಟುವ ಹೊತ್ತಿಗೆ ಆ ಉತ್ತರವನ್ನು ಅವಳೇ ನಂಬುತ್ತಿರಲಿಲ್ಲ.

ಹಗಲು ಹನ್ನೊಂದು ಗಂಟೆಯ ಛತ್ರದಲ್ಲಿ ಯಾರೂ ಇರಲಿಲ್ಲ. ಸಭಾಂಗಣದ ನಡುವೆ ಸೌಂಡ್ ಮಿಕ್ಸರ್ ಇಟ್ಟುಕೊಂಡು, ಹೆಗಲ ಮೇಲೆ ಕೇಬಲ್ ಸುರುಳಿ ಹೊತ್ತು ಬೆನ್ನು ಹಾಕಿ ನಿಂತಿದ್ದವನೊಬ್ಬ "ಚೆಕ್, ಚೆಕ್" ಅನ್ನುತ್ತಿದ್ದ. ತೆಳ್ಳಗೆ ಉದ್ದಕ್ಕಿದ್ದ. ಕಿವಿಯ ಪಕ್ಕದಲ್ಲಿ ನಾಲ್ಕು ಬಿಳಿ ಕೂದಲು.

"ಎಕ್ಸ್‌ಕ್ಯೂಸ್ ಮಿ."

ಅವನು ತಿರುಗದೆಯೇ ಮೈಕ್ ಕೆಳಗಿಳಿಸಿದ. "ನೆಟ್ ಕಂಟ್ರೋಲ್."

"ಹೇಗೆ ಗೊತ್ತಾಯ್ತು?"

"ವರ್ಷ ಪೂರ್ತಿ ಹಾಜರಿ ಕೂಗಿಸ್ಕೊಂಡಿದೀನಿ. ಮೇಡಮ್ಮೋರ ಗಂಟಲು ಮರೆತ್ರೆ ಬೆಂಚ್ ಮೇಲೆ ನಿಲ್ಲಿಸಲ್ವಾ?" ಈಗ ತಿರುಗಿದ. ಅವಳನ್ನು ನೋಡಿ, ನೋಡಿದ್ದು ಸಾಕಾಗದೆ ಮತ್ತೊಮ್ಮೆ ನೋಡಿ, ಹೆಗಲಿನ ಕೇಬಲ್ ಸರಿಮಾಡಿಕೊಂಡ. ಕೇಬಲ್ ಸರಿಯಾಗಿಯೇ ಇತ್ತು.

ಅವನ ಸ್ವರ ಅವಳು ಎಣಿಸಿದಷ್ಟು ತುಂಬಿದ್ದಾಗಿರಲಿಲ್ಲ. ಸ್ವಲ್ಪ ಒರಟು, ಸ್ವಲ್ಪ ಸವೆದದ್ದು. ಅರ್ಧ ಸೊಗಸು ಮಿಕ್ಸರಿನದು ಎಂದು ತಿಳಿದು ಮೋಸ ಹೋದ ಹಾಗೆ ಸಿಟ್ಟು ಬಂತು. ಮರುಕ್ಷಣವೇ, ಉಳಿದರ್ಧ ಸಾಕು ಅನ್ನಿಸಿ ಇನ್ನೂ ಸಿಟ್ಟು ಬಂತು.

"ನಾಲ್ಕು ವಾರ ಆಬ್ಸೆಂಟ್," ಅಂದಳು.

"ಸಸ್ಪೆಂಡ್ ಮಾಡಿದ್ರಲ್ಲ."

"ಅಗಲ ಕಡಿಮೆ ಮಾಡಿ ಅಂದೆ. ಬರಬೇಡಿ ಅಂದ್ನಾ?"

"ಕಡಿಮೆ ಮಾಡಿದೆ. ಅವತ್ತೇ. ಹತ್ತು ನಿಮಿಷದ ಕೆಲಸ."

"ಮತ್ತೆ?"

"ಮತ್ತೆ ನಿಮ್ಮ ಫೈಲ್ ನೋಡಿದೆ."

"ಕೇಳಿದ್ರಾ?"

"ನೋಡಿದೆ." ಅವನು ಮಿಕ್ಸರ್ ಪಕ್ಕದ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಶಬ್ದವನ್ನು ಬಣ್ಣವಾಗಿ ತೋರಿಸುವ ಚಿತ್ರ. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಕಿಲೋಹರ್ಟ್ಜ್. ನಲವತ್ತು ನಿಮಿಷದ ನೆಟ್ ಒಂದು ಅಗಲವಾದ ಕಂಬಳಿಯಂತೆ ಹಾಸಿತ್ತು. "ನಾವು ಸೌಂಡಿನೋರು ಮೊದಲು ಕಣ್ಣಲ್ಲಿ ಕೇಳ್ತೀವಿ. ನೋಡಿ, ಇವರು ಮುನೀಂದ್ರ, ಯಶವಂತಪುರ. ಎರಡೂವರೆಗೆ ಕಟ್. ಅವರ ಹಿಂದಿರೋ ನಾಯ್ಸೂ ಎರಡೂವರೆಗೆ ಕಟ್. ಅಂದ್ರೆ ಕಟ್ ಮಾಡಿರೋದು ನಿಮ್ಮ ಫಿಲ್ಟರ್. ಇವರು ಸರಳಾ ಮೇಡಂ. ಅದೇ. ಇಲ್ಲಿ ನಾನು."

ನೀಲಿ ಕಂಬಳಿ ಅಲ್ಲಿ ಥಟ್ಟನೆ ಎರಡರಷ್ಟು ಎತ್ತರಕ್ಕೆ ಎದ್ದು ನಿಂತಿತ್ತು, ತಗ್ಗು ಮನೆಗಳ ಸಾಲಿನಲ್ಲಿ ಒಂದೇ ಅಪಾರ್ಟ್‌ಮೆಂಟ್ ಇದ್ದ ಹಾಗೆ. ಅವನ ಮಾತು ಮುಗಿದಲ್ಲಿ ಮತ್ತೆ ತಗ್ಗು.

ರೆಹಾನಾಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಇಂಥ ಚಿತ್ರವನ್ನು ಓದುವುದನ್ನು ಅವಳೇ ಮಕ್ಕಳಿಗೆ ಕಲಿಸುತ್ತಾಳೆ. ಕಿವಿಯ ತುದಿಯವರೆಗೂ ರಕ್ತ ಏರಿತು.

"ಅದು... ಸೆಟ್ ಆಟೋಮ್ಯಾಟಿಕ್."

"ಯಾವ ಮಾಡೆಲ್ ಮೇಡಂ? ಹೆಸರು ನೋಡ್ಕೊಂಡು ತೆಗೆಯುತ್ತಾ?"

"ಪುರಾವೆಗೆ ತೆಗೆದೆ. ನೀವು ಎಷ್ಟು ಅಗಲ ಅಂತ ತೋರಿಸೋಕೆ."

"ಅದನ್ನೂ ಯೋಚ್ನೆ ಮಾಡಿದೆ. ನಾಲ್ಕು ದಿನ ಅದನ್ನೇ ನಂಬಿದ್ದೆ." ಅವನು ಬೆರಳಿಟ್ಟು ತೋರಿಸಿದ. "ಆದ್ರೆ ಇಲ್ಲಿ ನೋಡಿ. ನಾನಿನ್ನೂ ಬಂದೇ ಇಲ್ಲ. ನೀವು ನನ್ನ ಹೆಸರು ಕರೆಯೋಕೆ ಬಾಯಿ ತೆಗೀಬೇಕು, ಅಷ್ಟೇ. ಅಷ್ಟು ಹೊತ್ತಿಗೇ ನಾಯ್ಸ್ ಮೇಲೆದ್ದಿದೆ. ನಿಮಗೆ ನನ್ನ ಮೇಲೆ ಸಿಟ್ಟು ಬಂದಿದ್ದು ಆಮೇಲೆ."

ಅಡುಗೆಮನೆಯ ಕಡೆಯಿಂದ ಯಾರೋ ಕೊಪ್ಪರಿಗೆ ಎಳೆದ ಸದ್ದು. ಅವಳು ಪಕ್ಕದ ಬಿಳಿ ಕುರ್ಚಿಯಲ್ಲಿ ಕುಸಿದು ಕೂತಳು.

"ಇಷ್ಟು ಗೊತ್ತಾದ ಮೇಲೂ ಬರಲಿಲ್ಲ ನೀವು."

"ಹೇಗೆ ಬರ್ಲಿ? ಸಣ್ಣ ಮಾಡ್ಕೊಂಡು ಬಂದ್ರೆ ನಿಮಗೆ ಕೇಳೋಕೇನೂ ಇರಲ್ಲ. ಹಾಗೇ ಬಂದ್ರೆ, ಫೈಲಲ್ಲಿ 'ಮುನಿಯಾ' ಅಂತ ಕರೆಯೋದು ಕೇಳಿಸ್ತಲ್ಲ, ಆ ಇಬ್ಬರು ಅಜ್ಜಂದಿರು ಬಾಯಿ ಮುಚ್ಕೊಂಡು ಕೂರಬೇಕು. ಫೋನ್ ಮಾಡ್ಲಾ ಅಂದ್ಕೊಂಡೆ. ಏನಂತ ಕೇಳೋದು? 'ಮೇಡಂ, ನನಗೋಸ್ಕರ ಫಿಲ್ಟರ್ ತೆಗೀತೀರಂತೆ ನಿಜಾನಾ' ಅಂತಾನಾ?"

ಅವಳಿಗೆ ನಗು ಬರಬೇಕಿತ್ತು. ಬಂದದ್ದು ಇಷ್ಟು ತಿಂಗಳ ಕಿರಿಕಿರಿ. "ಅಲ್ಲಿ ಮೂವತ್ತು ಜನ ಕೇಳಿಸ್ಕೊಳ್ತಿರ್ತಾರೆ. ಫೈವ್ ನೈನ್ ಬಿಟ್ಟು ನಾನೇನು ಹೇಳೋಕಾಗ್ತಿತ್ತು? ಸುಳ್ಳು ರಿಪೋರ್ಟ್ ಕೊಟ್ಟೆ. ನಿಮ್ಮ ಸ್ವರ ನನಗೆ ಬೇಕಿತ್ತು, ಅದಕ್ಕೆ ಮುಜಫ್ಫರ್ ಸಾಹೇಬರದ್ದು ಹೋಯ್ತು. ತಪ್ಪು ನಂದು, ಬೈದಿದ್ದು ನಿಮಗೆ. ಸಾಕಾ?"

ಗಯಾಸ್ ಮಿಕ್ಸರಿನ ಒಂದು ಗುಂಡಿಯನ್ನು ಸುಮ್ಮನೆ ಮೇಲೆ ಕೆಳಗೆ ಮಾಡಿದ.

"ಯಾವಾಗಿಂದ?"

"ಮಾರ್ಚ್."

"ಮಾರ್ಚಾ?" ಅವನ ಬೆರಳು ನಿಂತಿತು. "ಮಾರ್ಚಲ್ಲಿ ನಾನೂ ಎರಡೂವರೆನೇ ಕಣ್ರೀ. ಅಗಲ ಮಾಡೋಕೆ ಶುರು ಮಾಡಿದ್ದೇ ಜೂನಲ್ಲಿ. ಮೂರು ತಿಂಗಳು ಫಿಲ್ಟರ್ ತೆಗೆದು ಏನು ಕೇಳಿದ್ರಿ?"

"ನಾಯ್ಸ್. ಎದುರು ಮನೆ ಬಲ್ಬುಗಳು."

ಅವನು ನಕ್ಕ. ನಕ್ಕವನು ಅವಳ ಮುಖ ನೋಡಿ ನಿಲ್ಲಿಸಿದ.

"ನೀವು ಹೇಳದೆ ಬಿಟ್ಟಿದ್ದು ಏನಾದ್ರೂ ಅಲ್ಲಿರಬಹುದು ಅಂತ," ಅಂದಳು. ಕುರ್ಚಿಯ ಬಟ್ಟೆಯ ಗಂಟನ್ನು ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು. "ಭೌತಶಾಸ್ತ್ರ ಓದಿದೋಳು. ಅಲ್ಲೇನೂ ಇರಲ್ಲ ಅಂತ ಗೊತ್ತು."

ಅವನು ಮಿಕ್ಸರಿಗೇ ಹೇಳುವವನ ಹಾಗೆ ಹೇಳಿದ. "ಜೂನ್ ಮೊದಲನೇ ಭಾನುವಾರ ನೀವು 'ಇವತ್ತು ಆಡಿಯೋ ಚೆನ್ನಾಗಿದೆ' ಅಂದ್ರಿ. ಅವತ್ತು ನಾನೇನೂ ಮಾಡಿರಲಿಲ್ಲ. ವಾರಕ್ಕೆ ಎರಡು ಮದುವೆಗೆ ಸೌಂಡ್ ಕೊಡ್ತೀನಿ. ಚೆನ್ನಾಗಿದ್ರೆ ಯಾರಿಗೂ ನಾನಿದೀನಿ ಅಂತಾನೇ ಗೊತ್ತಾಗಲ್ಲ. ಕುಂಯ್ ಅಂದ್ರೆ ಮಾತ್ರ ಎಲ್ಲರೂ ತಿರುಗಿ ನೋಡ್ತಾರೆ. ನೀವು ಚೆನ್ನಾಗಿದೆ ಅಂದ್ರಲ್ಲ, ಇನ್ನೊಂದ್ಸಲ ಅನ್ನಿಸ್ಕೊಳ್ಳೋಣ ಅಂತ ವಾರಾ ವಾರಾ ಇಷ್ಟಿಷ್ಟೇ ಅಗಲ ಮಾಡ್ತಾ ಹೋದೆ."

"ನಾನು ಅವತ್ತು ಚೆನ್ನಾಗಿದೆ ಅಂದಿದ್ದು..."

"ಬಲ್ಬಿಗೆ?"

"ನಿಮಗೆ. ನಿಮ್ಮ ತಂಗಿ ಫಾಯಿಜಾಗೆ ಹೆರಿಗೆ ಆಯ್ತು ಅಂತ ಹೇಳಿದ್ರಿ. ಹೇಳುವಾಗ ಗಂಟಲು ಕಟ್ಟಿತ್ತು. ಅದು ಎರಡೂವರೆ ಒಳಗೇ ಕೇಳಿಸ್ತು."

ಅವನು ಹೆಗಲಿನ ಕೇಬಲ್ ಇಳಿಸಲು ಹೋಗಿ ಮರೆತ.

"ನಾಳೆ ಬರ್ತೀನಿ," ಅಂದ. "ಎರಡೂವರೆ. ಒಂದು ಹರ್ಟ್ಜ್ ಜಾಸ್ತಿ ಇರಲ್ಲ."

"ಬನ್ನಿ."

"ಅದಕ್ಕಿಂತ ಆಚೆ ಇರೋದು?"

"ಅದು ಮೂವತ್ತು ಜನರ ಮುಂದೆ ಬೇಡ." ಅವಳು ಎದ್ದಳು, ದುಪಟ್ಟಾ ಸರಿಮಾಡಿಕೊಂಡಳು. "ಹನ್ನೆರಡೂಕಾಲಿಗೆ ಬಸ್ಸಿದೆ."

ರಸ್ತೆಯವರೆಗೆ ಅವನೂ ಬಂದ. ವಿಮಾನ ನಿಲ್ದಾಣದ ಕಡೆಗೆ ಹೋಗುವ ಟ್ಯಾಕ್ಸಿಗಳು, ಜಲ್ಲಿ ಲಾರಿಗಳು, ಎಲ್ಲಿಯೋ ಮೇಲೆ ಒಂದು ವಿಮಾನ. ಬಸ್ ಬಂತು. ಅವಳು ಹತ್ತಿದಳು. ಮೆಟ್ಟಿಲ ಮೇಲೆ ನಿಂತು ತಿರುಗಿದಾಗ ಅವನು ಏನೋ ಹೇಳುತ್ತಿದ್ದ. ತುಟಿಗಳು ಆಡುತ್ತಿದ್ದವು, ಕೈ ಎದೆಯ ಹತ್ತಿರ ಹೋಗಿ ಅಲ್ಲಿಂದ ಅವಳ ಕಡೆಗೆ ಬಂತು. ಹಿಂದಿನ ಲಾರಿ ಹಾರ್ನ್ ಒತ್ತಿಹಿಡಿದಿತ್ತು.

ತಲೆಯಾಡಿಸಿ ಕಳಿಸಬಹುದಿತ್ತು. ಕೇಳಿಸಿತು ಎಂದು ನಗಬಹುದಿತ್ತು. ಇಡೀ ವರ್ಷ "ಫೈವ್ ನೈನ್" ಅನ್ನುತ್ತ ಅವಳು ಮಾಡಿದ್ದು ಅದನ್ನೇ.

"ಏನೂ ಕೇಳಿಸ್ಲಿಲ್ಲ!" ಅವಳು ಕೂಗಿದಳು. "ಒಂದಕ್ಷರಾನೂ ಕೇಳಿಸ್ಲಿಲ್ಲ!"

ಅವನು ಮತ್ತೆ ಹೇಳಿದ, ಇನ್ನೂ ಜೋರಾಗಿ. ಬಸ್ಸಿನ ಎಂಜಿನ್ ಅದನ್ನೂ ನುಂಗಿತು. ಕಂಡಕ್ಟರ್ ಬಾಗಿಲ ಹತ್ತಿರ ಬಂದು ಸೀಟಿ ಬಾಯಲ್ಲಿಟ್ಟುಕೊಂಡೇ ಕೇಳಿದ.

"ಏನ್ ಮೇಡಂ, ಹತ್ತೋದಾ ಇಳಿಯೋದಾ? ಬೇಗ ಹೇಳಿ."

"ಇಳಿಯೋದು," ಅಂದಳು ರೆಹಾನಾ.

ಬಸ್ ಹೊರಟುಹೋಯಿತು. ಧೂಳಿನಲ್ಲಿ ಅವಳು ಅವನಿಗೆ ಒಂದು ಗೇಣಿನಷ್ಟು ಹತ್ತಿರ ಹೋಗಿ ನಿಂತಳು, ತಲೆಯನ್ನು ತುಸು ವಾಲಿಸಿ ಕಿವಿ ಕೊಟ್ಟಳು.

"ಹೂಂ. ಈಗ ಹೇಳಿ."